ಶಬ್ದದ ಅಲೆ, ವಜ್ರದ ಕುಂದು

ಸಂತೆಯಲ್ಲಿ ಗಡಿಗೆ ಕೊಳ್ಳುವ ಮುದುಕಿ ಅದನ್ನು ಕಣ್ಣಿನಿಂದ ನೋಡಿದ ಮಾತ್ರಕ್ಕೆ ದುಡ್ಡು ಬಿಚ್ಚುವುದಿಲ್ಲ. ಎಡಗೈಯ ಬೆರಳುಗಳ ಮೇಲೆ ಹಗುರವಾಗಿ ಎತ್ತಿ ಹಿಡಿದು, ಬಲಗೈಯ ಗೆಣ್ಣಿನಿಂದ ಒಮ್ಮೆ ಬಡಿದು, ಕಿವಿಗೊಡುತ್ತಾಳೆ. ಠಣ್ ಎಂದರೆ ಗಡಿಗೆ ಗಟ್ಟಿ. ದೊಬ್ ಎಂದರೆ ಎಲ್ಲಿಯೋ ಕೂದಲೆಳೆಯಷ್ಟು ಬಿರುಕು. ರೈಲು ನಿಲ್ದಾಣಗಳಲ್ಲಿ ಹಿಂದೆ ಉದ್ದ ಹಿಡಿಯ ಸುತ್ತಿಗೆ ಹಿಡಿದು ಗಾಡಿಯ ಗಾಲಿಗಳನ್ನು ಒಂದೊಂದಾಗಿ ಬಡಿಯುತ್ತ ಹೋಗುತ್ತಿದ್ದ ನೌಕರನ ವಿದ್ಯೆಯೂ ಇದೇ. ಕಣ್ಣು ಮೇಲ್ಮೈಯಲ್ಲಿ ನಿಂತುಬಿಡುತ್ತದೆ. ಶಬ್ದ ಒಳಗೆ ಹೋಗಿ ಬರುತ್ತದೆ. ಒಡೆಯದೆ ಒಳಗನ್ನು ತಿಳಿಯುವ ಈ ಉಪಾಯ ಕುಂಬಾರನ ಚಕ್ರದಷ್ಟೇ ಹಳೆಯದಿರಬೇಕು.

ಇದಕ್ಕೆ ಜೊತೆಯಾಗಿ ಎರಡನೆಯ ಉಪಾಯವೊಂದು 1895ನೆಯ ಇಸವಿ ನವೆಂಬರ್ 8ರಂದು ಜರ್ಮನಿಯ ರಾಂಟ್‌ಗೆನ್ ಎಂಬ ಪ್ರಾಧ್ಯಾಪಕರ ಕಣ್ಣಿಗೆ ಬಿದ್ದಿತು. ಅದೇ ಕ್ಷ-ಕಿರಣ. ಇಂದು ಹೆಬ್ಬಾಳದ ಕಡೆಯ ಯಾವುದೇ ದೊಡ್ಡ ಆಸ್ಪತ್ರೆಗೆ ಹೋದರೂ ಒಂದು ಕೋಣೆಯಲ್ಲಿ ಗರ್ಭಿಣಿಯ ಹೊಟ್ಟೆಯ ಮೇಲೆ ಶಬ್ದದ ಸಾಧನವನ್ನು ಆಡಿಸುತ್ತಿರುತ್ತಾರೆ. ಇನ್ನೊಂದರಲ್ಲಿ ರೋಗಿಯನ್ನು ಮಲಗಿಸಿ ಕ್ಷ-ಕಿರಣದ ಉಂಗುರದೊಳಕ್ಕೆ ಸರಿಸುತ್ತಿರುತ್ತಾರೆ. ಯಲಹಂಕ ದಾಟಿ ವಿಮಾನ ನಿಲ್ದಾಣಕ್ಕೆ ಹೋದವರ ಪೆಟ್ಟಿಗೆಗಳು ಕ್ಷ-ಕಿರಣದ ಸುರಂಗದಲ್ಲಿ ತೂರಿ ಬರುತ್ತವೆ. ರೈಲು ಹಳಿಗಳ ಒಳಬಿರುಕನ್ನು ಹುಡುಕಲು, ಸುತ್ತಿಗೆಯ ಬದಲು, ಕಿವಿಗೆ ಕೇಳದ ಶಬ್ದವನ್ನು ಉಕ್ಕಿನೊಳಕ್ಕೆ ಕಳುಹಿಸುವ ಸಣ್ಣ ಗಾಡಿಯನ್ನು ಹಳಿಯ ಮೇಲೆ ತಳ್ಳಿಕೊಂಡು ಹೋಗುತ್ತಾರೆ.

ಇವೆಲ್ಲ ಹೊರದೇಶದಿಂದ ಬಂದ ಯಂತ್ರಗಳೆಂದೇ ನಾವು ತಿಳಿದಿರುತ್ತೇವೆ. ಬಹುಮಟ್ಟಿಗೆ ಅದು ನಿಜವೂ ಹೌದು. ಆದರೆ ಇವುಗಳ ಹಿಂದಿರುವ ತಿಳಿವಳಿಕೆಯ ಕೆಲವು ಮುಖ್ಯ ಪುಟಗಳು ಮಲ್ಲೇಶ್ವರಕ್ಕೂ ಯಶವಂತಪುರಕ್ಕೂ ನಡುವಣ ಒಂದು ಮರಗಳ ಆವರಣದಲ್ಲಿ ಬರೆಯಲ್ಪಟ್ಟವು. ಅಲ್ಲಿಯೇ ತಯಾರಾದ ಒಬ್ಬ ಶಿಷ್ಯನ ಕೈಯಲ್ಲಿ ಮುಂದುವರಿದವು. ಆ ಪುಟಗಳ ನಡುವೆ ಒಂದು ಜಗಳವೂ ಇದೆ. ಅದನ್ನು ಬಿಟ್ಟರೆ ಕತೆ ಅರ್ಧವಾದೀತು.

ಭಾರತೀಯ ವಿಜ್ಞಾನ ಸಂಸ್ಥೆಯನ್ನು ಬೆಂಗಳೂರಿನ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವುದು. ಮೈಸೂರು ಸರಕಾರ ಕೊಟ್ಟ 371 ಎಕರೆ ಜಮೀನಿನಲ್ಲಿ 1909ರಲ್ಲಿ ಸ್ಥಾಪನೆಗೊಂಡ ಅದು, 1911ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ತೆಗೆದುಕೊಂಡಿತು. ಸರ್ ಚಂದ್ರಶೇಖರ ವೆಂಕಟ ರಾಮನ್ನರು ಕಲಕತ್ತೆಯನ್ನು ಬಿಟ್ಟು ಇಲ್ಲಿಗೆ ಬಂದದ್ದು 1933ರಲ್ಲಿ. ಸಂಸ್ಥೆಗೆ ಮೊದಲ ಭಾರತೀಯ ನಿರ್ದೇಶಕರಾಗಿ. ನೊಬೆಲ್ ಬಹುಮಾನ ಬಂದು ಮೂರು ವರ್ಷವಾಗಿತ್ತು. ಭೌತವಿಜ್ಞಾನದ ವಿಭಾಗವೇ ಅದುವರೆಗೆ ಅಲ್ಲಿ ಇರಲಿಲ್ಲ, ಅವರೇ ತೆರೆದರು. ಮರುವರ್ಷ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಕಟ್ಟಿ, ಅದರ ಪತ್ರಿಕೆಯನ್ನೂ ಹೊರಡಿಸಿದರು. ಬೆಳಕಿನ ವಿಜ್ಞಾನಿಯೆಂದು ಜಗತ್ತು ಅವರನ್ನು ಬಲ್ಲದು. ಆದರೆ ಅವರ ಮೊದಲ ಒಲವು ಶಬ್ದದ ಮೇಲೆ. ವೀಣೆಯ ತಂತಿ, ಪಿಟೀಲಿನ ಕಮಾನು, ಮೃದಂಗದ ಬಲಮುಖದ ಮೇಲಣ ಕಪ್ಪು ಕರಣೆ ಇವುಗಳನ್ನು ಕುರಿತು ಅವರು ವರ್ಷಗಟ್ಟಲೆ ದುಡಿದಿದ್ದರು. ಬರಿಯ ತೊಗಲಿನ ವಾದ್ಯ ಗದ್ದಲ ಮಾಡುತ್ತದೆ, ಮೃದಂಗ ಮಾತ್ರ ಶ್ರುತಿಗೆ ಕೂಡುತ್ತದೆ, ಅದು ಆ ಕರಣೆಯ ತೂಕದ ಮಹಿಮೆ ಎಂಬುದನ್ನು ತೋರಿಸಿಕೊಟ್ಟವರು ಅವರು. ಸಂಗೀತಗಾರರು ಇದಕ್ಕಾಗಿ ಅವರನ್ನು ಇನ್ನೂ ಹೆಚ್ಚು ನೆನೆಯಬೇಕಾಗಿತ್ತು. ಇರಲಿ.

ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಕೇಳಬಲ್ಲದು. ಅದರಾಚೆಯ ಶಬ್ದಕ್ಕೆ ಶ್ರವಣಾತೀತ ಶಬ್ದವೆಂದು ಹೆಸರು. ಸ್ಫಟಿಕಶಿಲೆಯ ಹರಳನ್ನು ಅದುಮಿದರೆ ವಿದ್ಯುತ್ತು ಹುಟ್ಟುತ್ತದೆಂದು ಕ್ಯೂರಿ ಸಹೋದರರು 1880ರಲ್ಲಿ ಕಂಡಿದ್ದರು. ತಿರುಗಿಸಿ, ವಿದ್ಯುತ್ತನ್ನು ಕೊಟ್ಟರೆ ಹರಳು ನಡುಗುತ್ತದೆ. ಮೊದಲ ಮಹಾಯುದ್ಧದಲ್ಲಿ ನೀರಿನಡಿಯ ಜಲಾಂತರ್ಗಾಮಿಗಳನ್ನು ಹುಡುಕಲು ಫ್ರಾನ್ಸಿನ ಲಾಂಜೆವ್ಯಾಂ ಈ ನಡುಕವನ್ನೇ ಬಳಸಿಕೊಂಡರು. ಶಾಂತಿ ಬಂದ ಮೇಲೆ ಪ್ರಯೋಗಶಾಲೆಗಳಿಗೆ ಅದು ಒಳ್ಳೆಯ ಆಟಿಕೆಯಾಯಿತು. 1932ರಲ್ಲಿ ಅಮೆರಿಕದಲ್ಲಿ ಡೆಬೈ ಮತ್ತು ಸಿಯರ್ಸ್, ಪ್ಯಾರಿಸ್ಸಿನಲ್ಲಿ ಲ್ಯೂಕಾ ಮತ್ತು ಬೀಕಾರ್, ಒಬ್ಬರನ್ನೊಬ್ಬರು ಕೇಳದೆ, ಒಂದೇ ಪ್ರಯೋಗ ಮಾಡಿದರು.

ಪ್ರಯೋಗ ಸರಳ. ಗಾಜಿನ ತೊಟ್ಟಿಯಲ್ಲಿ ಒಂದು ದ್ರವ; ಅದರ ಒಂದು ಬದಿಯಲ್ಲಿ ನಡುಗುವ ಹರಳು. ಶಬ್ದದ ಅಲೆಗಳು ದ್ರವದಲ್ಲಿ ಅಡ್ಡಲಾಗಿ ಹರಿಯುತ್ತವೆ. ಅವುಗಳನ್ನು ಕತ್ತರಿಸಿಕೊಂಡು ಹೋಗುವಂತೆ, ಸಣ್ಣ ಸೀಳಿನಿಂದ ಬಂದ ಬೆಳಕಿನ ಪಟ್ಟಿಯೊಂದನ್ನು ತೊಟ್ಟಿಯ ಮೂಲಕ ಹಾಯಿಸಿದರೆ, ಆಚೆಯ ಪರದೆಯ ಮೇಲೆ ಒಂದು ಗೆರೆಯ ಬದಲು ಅನೇಕ ಗೆರೆಗಳು ಮೂಡುತ್ತವೆ: ನಡುವೆ ಒಂದು, ಎಡಬಲಗಳಲ್ಲಿ ಸಾಲು ಸಾಲು. ಲೆಕ್ಕವನ್ನು ನೋಡಿ. ಸೆಕೆಂಡಿಗೆ 50 ಲಕ್ಷ ಕಂಪನಗಳ ಶಬ್ದ ನೀರಿನಲ್ಲಿ ಸುಮಾರು 1,500 ಮೀಟರ್ ವೇಗದಲ್ಲಿ ಹೋಗುವುದರಿಂದ ಅದರ ಒಂದೊಂದು ಅಲೆಯ ಉದ್ದ ಮಿಲಿಮೀಟರಿನ ಹತ್ತರಲ್ಲಿ ಮೂರು ಪಾಲು. ಹಸಿರು ಬೆಳಕಿನ ಅಲೆ ಅದಕ್ಕಿಂತ 600 ಪಾಲು ಚಿಕ್ಕದು. ಆದ್ದರಿಂದ ಎರಡು ಮೀಟರ್ ದೂರದ ಪರದೆಯ ಮೇಲೆ ಗೆರೆಗೂ ಗೆರೆಗೂ ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು ಅಂತರ ಬೀಳುತ್ತದೆ. ಕಣ್ಣಿಗೆ ಕಾಣುವ, ಅಡಿಕೋಲಿಗೆ ಸಿಗುವ ಅಂತರ! ಅದನ್ನು ಅಳೆದರೆ ಶಬ್ದದ ಅಲೆಯ ಉದ್ದವೂ, ಅದರಿಂದ ಆ ದ್ರವದಲ್ಲಿ ಶಬ್ದದ ವೇಗವೂ ಗೊತ್ತಾಗುತ್ತವೆ.

ಗೆರೆಗಳ ಸ್ಥಾನ ಎಲ್ಲರಿಗೂ ಅರ್ಥವಾಯಿತು. ಅವುಗಳ ಪ್ರಕಾಶ ಮಾತ್ರ ಯಾರಿಗೂ ಅರ್ಥವಾಗಲಿಲ್ಲ. ಶಬ್ದವನ್ನು ಹೆಚ್ಚಿಸುತ್ತ ಹೋದಂತೆ ನಡುವಿನ ಗೆರೆ ಮಂಕಾಗುತ್ತ ಬಂದು ಒಂದು ಘಟ್ಟದಲ್ಲಿ ಇಲ್ಲವೇ ಆಗುತ್ತದೆ. ಇನ್ನಷ್ಟು ಹೆಚ್ಚಿಸಿದರೆ ಮತ್ತೆ ಕಾಣಿಸಿಕೊಳ್ಳುತ್ತದೆ. ಪಕ್ಕದ ಗೆರೆಗಳೂ ಹೀಗೆಯೇ, ಒಂದೊಂದು ಒಂದೊಂದು ಹೊತ್ತಿನಲ್ಲಿ, ಬೆಳಗಿ ಆರುತ್ತವೆ. ಜ್ಯೂರಿಚ್ಚಿನ ಬೇರ್ ಎಂಬುವರು ಇದನ್ನು ಬಹಳ ಎಚ್ಚರಿಕೆಯಿಂದ ನೋಡಿ ಬರೆದಿಟ್ಟಿದ್ದರು.

ಉತ್ತರ ಬಂದದ್ದು ಬೆಂಗಳೂರಿನಿಂದ. 1935 ಮತ್ತು 1936ರಲ್ಲಿ ರಾಮನ್ನರೂ ಅವರ ತರುಣ ಸಹೋದ್ಯೋಗಿ ನಾಗೇಂದ್ರನಾಥರೂ ಅಕಾಡೆಮಿಯ ಪತ್ರಿಕೆಯಲ್ಲಿ ಐದು ಲೇಖನಗಳ ಒಂದು ಮಾಲೆಯನ್ನು ಪ್ರಕಟಿಸಿದರು. ಅವರ ಹೊಳಹನ್ನು ಒಂದು ಹೋಲಿಕೆಯಿಂದ ಹೇಳಬಹುದು. ಕವಾಯತಿನ ಸಾಲೊಂದು ಎದೆಗೆ ಎದೆ ಸರಿಯಾಗಿ ಮೈದಾನವನ್ನು ದಾಟುತ್ತಿದೆ. ಮೈದಾನದಲ್ಲಿ ಒಂದು ಪಟ್ಟೆ ಗಟ್ಟಿ ನೆಲ, ಒಂದು ಪಟ್ಟೆ ಕೆಸರು, ಹೀಗೆ ಉದ್ದಕ್ಕೂ ಅಡ್ಡಡ್ಡ ಪಟ್ಟೆಗಳು. ಕೆಸರಿಗೆ ಎದುರಾದವರು ಒಂದು ಹೆಜ್ಜೆ ಹಿಂದೆ ಬೀಳುತ್ತಾರೆ, ಗಟ್ಟಿನೆಲದವರು ಮುಂದಾಗುತ್ತಾರೆ. ಆಚೆ ದಡದಲ್ಲಿ ಒಬ್ಬನೂ ಕಡಿಮೆಯಾಗಿಲ್ಲ. ಆದರೆ ನೇರವಿದ್ದ ಸಾಲು ಮಾತ್ರ ಹೆಂಚಿನ ಮಾಡಿನಂತೆ ಏರಿಳಿಯಾಗಿದೆ. ಶಬ್ದ ಹಾಯ್ದ ದ್ರವದಲ್ಲಿ ಒತ್ತಿದ ಪಟ್ಟೆ, ಸಡಿಲಿದ ಪಟ್ಟೆ ಎಂದು ಎರಡಿರುತ್ತವೆ. ಒತ್ತಿದ ಕಡೆ ಬೆಳಕು ತುಸು ನಿಧಾನ. ಬೆಳಕು ತೊಟ್ಟಿಯನ್ನು ದಾಟುವಷ್ಟು ಹೊತ್ತಿನಲ್ಲಿ ಶಬ್ದ ತನ್ನ ಅಲೆಯ ಸಾವಿರಾರು ಭಾಗದಲ್ಲಿ ಒಂದು ಭಾಗದಷ್ಟೂ ಮುಂದೆ ಹೋಗಿರುವುದಿಲ್ಲವಾದ್ದರಿಂದ ಪಟ್ಟೆಗಳು ನಿಂತೇ ಇದ್ದಂತೆ. ಬೆಳಕು ಕುಗ್ಗುವುದಿಲ್ಲ, ಅದರ ಮುಂಗಟ್ಟು ಸುಕ್ಕುಗಟ್ಟುತ್ತದೆ. ಆ ಸುಕ್ಕೇ ದೂರದಲ್ಲಿ ಗೆರೆಗಳ ಸಾಲಾಗಿ ಬಿಚ್ಚಿಕೊಳ್ಳುತ್ತದೆ.

ಈ ಭಾವನೆಯನ್ನು ಗಣಿತಕ್ಕೆ ಇಳಿಸಿದಾಗ ದೊರೆತದ್ದು, ನೂರು ವರ್ಷ ಹಿಂದೆ ಬೆಸೆಲ್ ಎಂಬ ಜರ್ಮನ್ ಜ್ಯೋತಿರ್ವಿಜ್ಞಾನಿ ಗ್ರಹಗತಿಯ ಲೆಕ್ಕದಲ್ಲಿ ಬಳಸಿದ್ದ ಸಂಖ್ಯೆಗಳ ಕುಟುಂಬವೇ. ಒಂದೊಂದು ಗೆರೆಯ ಪ್ರಕಾಶಕ್ಕೂ ಒಂದೊಂದು ಬೆಸೆಲ್ ಸಂಖ್ಯೆಯ ವರ್ಗ. ನಡುಗೆರೆ ಯಾವ ಘಟ್ಟದಲ್ಲಿ ಅಳಿಯಬೇಕು, ಯಾವಾಗ ಮರಳಬೇಕು ಎಂಬುದು ಕಾಗದದ ಮೇಲೆಯೇ ಬಂದಿತು. ಕೆನಡದಲ್ಲಿ ಸ್ಯಾಂಡರ್ಸ್ ಎಂಬುವರು 1936ರಲ್ಲಿ ಪ್ರಕಾಶವನ್ನು ಅಳೆದು ನೋಡಿದಾಗ ಲೆಕ್ಕ ತಾಳೆಯಾಯಿತು. ಇದೇ ಹೊತ್ತಿಗೆ ಇದೇ ವಿಭಾಗದಲ್ಲಿ ಪಾರ್ಥಸಾರಥಿಯೆಂಬುವರು ಒಂದರ ಮೇಲೊಂದರಂತೆ ದ್ರವಗಳಲ್ಲಿ ಶಬ್ದದ ವೇಗವನ್ನು ಈ ಬೆಳಕಿನ ಗೆರೆಗಳಿಂದ ಅಳೆಯುತ್ತ ಕುಳಿತಿದ್ದರು. ಅದು ಯಾರೂ ಹೊಗಳದ ಕೆಲಸ. ಅದಿಲ್ಲದೆ ಸಿದ್ಧಾಂತ ನಿಲ್ಲುವುದೂ ಇಲ್ಲ.

ರೈಲು ಹಳಿಯ ಪರೀಕ್ಷೆಯೂ ಆಸ್ಪತ್ರೆಯ ಶಬ್ದಚಿತ್ರವೂ ರಾಮನ್-ನಾಥ್ ಸಿದ್ಧಾಂತದಿಂದಲೇ ಹುಟ್ಟಿದವೆಂದು ಹೇಳಿದರೆ ಅದು ಅಭಿಮಾನದ ಮಾತಾದೀತೇ ಹೊರತು ಇತಿಹಾಸವಾಗದು. ಲೋಹದೊಳಕ್ಕೆ ಶಬ್ದ ಕಳುಹಿಸಿ ಕುಂದು ಹುಡುಕುವ ಯೋಚನೆಯನ್ನು ರಷ್ಯದ ಸೊಕೊಲೊವ್ 1920ರ ದಶಕದ ಕೊನೆಯಲ್ಲೇ ಮುಂದಿಟ್ಟಿದ್ದರು. ಪ್ರತಿಧ್ವನಿ ಹಿಡಿಯುವ ಯಂತ್ರವನ್ನು ಅಮೆರಿಕದ ಫೈರ್‌ಸ್ಟೋನ್ 1940ರ ದಶಕದಲ್ಲಿ ಮಾಡಿದರು. ರಾಮನ್-ನಾಥರು ಕೊಟ್ಟದ್ದು ಬೇರೆ: ಕಿವಿಗೆ ಕೇಳದ ಶಬ್ದವನ್ನು ಕಣ್ಣಿಗೆ ಕಾಣಿಸಿ, ಅದರ ಬಲವನ್ನು ಅಳೆಯುವ ಬಗೆ. ಶಬ್ದದ ಕಂಬಿ ಎಲ್ಲಿ ಚೂಪಾಗಿದೆ, ಎಲ್ಲಿ ಹರಡಿದೆ ಎಂದು ತೋರಿಸಲು ಅದು ಬೇಕಾಯಿತು. ಲೇಸರ್ ಬಂದ ಮೇಲೆ, ಅದರ ಕಿರಣವನ್ನು ಶಬ್ದದಿಂದಲೇ ಓರೆ ಮಾಡುವ, ಮಿನುಗಿಸುವ ಸಣ್ಣ ಹರಳುಗಳು ಬಂದವು. ಅವುಗಳ ಪಠ್ಯಪುಸ್ತಕಗಳಲ್ಲಿ ಒಂದು ಬಗೆಯ ವರ್ತನೆಗೆ ಇಂದಿಗೂ ರಾಮನ್-ನಾಥ್ ಎಂದೇ ಹೆಸರು.

ಈಗ ಜಗಳದ ಮಾತು.

1937ರಲ್ಲಿ ರಾಮನ್ನರು ನಿರ್ದೇಶಕ ಪದವಿಯನ್ನು ಬಿಡಬೇಕಾಯಿತು. ಪ್ರಾಧ್ಯಾಪಕರಾಗಿ 1948ರವರೆಗೆ ಅಲ್ಲಿಯೇ ಉಳಿದರು. ಆ ವರ್ಷಗಳಲ್ಲಿ ಅವರ ಮನಸ್ಸನ್ನು ಹಿಡಿದದ್ದು ವಜ್ರ. ವಜ್ರವೆಂದರೆ ಅಪ್ಪಟ ಇಂಗಾಲ, ಜಗತ್ತಿನ ಅತ್ಯಂತ ಬಿಗಿಯಾದ ಜೋಡಣೆ. ಸ್ಫಟಿಕವೆಂದರೇನು ಎಂಬುದನ್ನು ತಿಳಿಯಲು ಇದಕ್ಕಿಂತ ಉತ್ತಮ ವಸ್ತು ಯಾವುದು? ಕ್ಷ-ಕಿರಣದ ಅಲೆ ಒಂದು ಸೆಂಟಿಮೀಟರನ್ನು ಹತ್ತು ಕೋಟಿ ಪಾಲು ಮಾಡಿದರೆ ಬರುವಷ್ಟು ಚಿಕ್ಕದು; ಪರಮಾಣುಗಳ ಅಂತರವೂ ಹೆಚ್ಚು ಕಡಿಮೆ ಅಷ್ಟೇ. ಆದ್ದರಿಂದ ಹರಳಿನ ಮೇಲೆ ಬಿದ್ದ ಕ್ಷ-ಕಿರಣ ಗೊತ್ತಾದ ಕೆಲವು ದಿಕ್ಕುಗಳಿಗೆ ಮಾತ್ರ ಚಿಮ್ಮಿ, ಛಾಯಾಫಲಕದ ಮೇಲೆ ಅಚ್ಚುಕಟ್ಟಾದ ಚುಕ್ಕೆಗಳನ್ನು ಇಡುತ್ತದೆ. 1940ರಲ್ಲಿ ರಾಮನ್ನರೂ ನೀಲಕಂಠನ್ ಎಂಬ ಸಹಾಯಕರೂ ವಜ್ರದ ಫಲಕದಲ್ಲಿ, ಇರಬೇಕಾದ ಚುಕ್ಕೆಗಳಲ್ಲದೆ, ಇರಬಾರದ ಕಡೆ ಮತ್ತೆ ಕೆಲವು ಚುಕ್ಕೆಗಳನ್ನು ಕಂಡರು.

ಇವು ಯಾವುವು? ಲಂಡನ್ನಿನ ಕ್ಯಾಥ್ಲೀನ್ ಲಾನ್ಸ್‌ಡೇಲ್ ಎಂಬಾಕೆ ಇಂಥ ಚುಕ್ಕೆಗಳನ್ನು ಅನೇಕ ಹರಳುಗಳಲ್ಲಿ ನೋಡುತ್ತಿದ್ದರು. ಆಕೆಯೂ ಮ್ಯಾಕ್ಸ್ ಬಾರ್ನ್ ಮೊದಲಾದವರೂ ಹೇಳಿದ ಉತ್ತರ ಇದು: ಹರಳಿನ ಪರಮಾಣುಗಳು ಎಂದೂ ಸುಮ್ಮನಿರುವುದಿಲ್ಲ, ಶಾಖದಿಂದ ನಡುಗುತ್ತಿರುತ್ತವೆ. ಆ ನಡುಕವೆಂದರೆ ಹರಳಿನೊಳಗೆ ಎಲ್ಲ ದಿಕ್ಕಿಗೂ ಓಡಾಡುವ, ಎಲ್ಲ ಉದ್ದದ, ಶಬ್ದದ ಅಲೆಗಳೇ. ಅವುಗಳಿಗೆ ತಗುಲಿ ಕ್ಷ-ಕಿರಣ ಓರೆಯಾಗುತ್ತದೆ.

ಓದುಗರಿಗೆ ತೊಟ್ಟಿಯ ಪ್ರಯೋಗ ನೆನಪಿರಬಹುದು. ಶಬ್ದದ ಅಲೆ ಬೆಳಕನ್ನು ಓರೆ ಮಾಡುವುದನ್ನು ಐದು ವರ್ಷ ಮೊದಲು ಎಲ್ಲರಿಗಿಂತ ಚೆನ್ನಾಗಿ ವಿವರಿಸಿದವರೇ ರಾಮನ್ನರು. ಹರಳಿನೊಳಗಣ ಶಬ್ದ ಕ್ಷ-ಕಿರಣವನ್ನು ಓರೆ ಮಾಡುತ್ತದೆಂಬ ಮಾತನ್ನು ಮೊದಲು ಒಪ್ಪಬೇಕಾದವರೂ ಅವರೇ ಎಂದು ನಾವು ನಿರೀಕ್ಷಿಸುತ್ತೇವೆ. ಅವರು ಒಪ್ಪಲಿಲ್ಲ. ಹರಳಿನ ಕಂಪನಗಳು ಅಂಕೆಯಿಲ್ಲದ ಅಲೆಗಳ ಗುಂಪಲ್ಲ, ಕೆಲವೇ ನಿಶ್ಚಿತ ಸ್ವರಗಳು ಎಂಬುದು ಅವರ ಪಟ್ಟು. ಕ್ಷ-ಕಿರಣವೇ ಆ ಸ್ವರಗಳನ್ನು ಮೀಟಿ ಎಬ್ಬಿಸಿ ಹೊಸ ಚುಕ್ಕೆಗಳನ್ನು ಇಡುತ್ತದೆಂಬುದು ಅವರ ವಾದ. ಮೃದಂಗವನ್ನು ಅರಿತ ಕಿವಿ ಹರಳಿನಲ್ಲಿಯೂ ಸ್ವರಗಳನ್ನೇ ಹುಡುಕಿತೋ ಏನೋ! ಬಾರ್ನರು ಬೇರೆಯವರಲ್ಲ, 1935-36ರ ಚಳಿಗಾಲದಲ್ಲಿ ರಾಮನ್ನರ ಆಹ್ವಾನದ ಮೇಲೆ ಬೆಂಗಳೂರಿಗೆ ಬಂದು ಇದೇ ಸಂಸ್ಥೆಯಲ್ಲಿ ತಿಂಗಳುಗಟ್ಟಲೆ ಇದ್ದವರು. ಅವರೊಡನೆಯೂ ವಾದ ಬೆಳೆಯಿತು, ವರ್ಷಗಟ್ಟಲೆ ನಡೆಯಿತು. ಹರಳಿನ ಕಂಪನಗಳ ವಿಷಯದಲ್ಲಿ ಜಗತ್ತು ಬಾರ್ನರ ಕಡೆಗೆ ಹೋಯಿತು. ರಾಮನ್ನರು ಕೊನೆಯವರೆಗೂ ತಮ್ಮ ಕಡೆಯೇ ಉಳಿದರು.

ಆದರೆ ವಜ್ರದ ಚುಕ್ಕೆಗಳ ವಿಷಯ ಅಷ್ಟು ಸುಲಭದ್ದಲ್ಲ. ವಜ್ರವನ್ನು ಕಾಯಿಸಿದರೂ ತಣಿಸಿದರೂ ಹೆಚ್ಚು ಬದಲಾಗದ ಚೂಪಾದ ಚುಕ್ಕೆಗಳು ಕೆಲವು ಇದ್ದವು. ಶಾಖದ ಅಲೆಗಳಿಂದ ಬಂದುವಾದರೆ ಕಾಯಿಸಿದಾಗ ಅವು ಬೆಳಗಬೇಕಿತ್ತು. ಇವು ಎಲ್ಲ ವಜ್ರಗಳಲ್ಲಿಯೂ ಇರುವುದಿಲ್ಲ, ಒಂದು ಜಾತಿಯವುಗಳಲ್ಲಿ ಮಾತ್ರ ಎಂದು ಲಾನ್ಸ್‌ಡೇಲ್ ಅವರೇ ಕಂಡುಕೊಂಡರು. ಅಂದರೆ ಇವು ಸಾಮಾನ್ಯ ಶಾಖದ ಅಲೆಗಳ ಗುರುತಲ್ಲ ಎನ್ನುವಷ್ಟರ ಮಟ್ಟಿಗೆ ರಾಮನ್ನರ ಕಣ್ಣು ಸರಿಯಾಗಿತ್ತು. ಅವರು ಕೊಟ್ಟ ಕಾರಣ ಸರಿಯಾಗಿರಲಿಲ್ಲ. ಉತ್ತರ ಮೂರನೆಯದಾಗಿತ್ತು. ಚಾರ್ಲ್ಸ್ ಫ್ರಾಂಕ್ 1956ರಲ್ಲಿ ಊಹಿಸಿದಂತೆ, ಇವಾನ್ಸ್ ಮತ್ತು ಫಾಲ್ ಎಂಬಿಬ್ಬರು 1962ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡಂತೆ, ಅಂಥ ವಜ್ರಗಳೊಳಗೆ ತೆಳ್ಳನೆಯ ತಟ್ಟೆಗಳಂಥ ಕುಂದುಗಳಿರುತ್ತವೆ. ಕ್ಷ-ಕಿರಣ ಇರಬಾರದ ಕಡೆ ಚುಕ್ಕೆಯಿಟ್ಟದ್ದು ಆ ಕುಂದುಗಳಿಂದ. ಗಡಿಗೆಯ ಬಿರುಕು ದೊಬ್ ಎಂದಂತೆ, ವಜ್ರದ ಕುಂದು ಚುಕ್ಕೆಯಾಗಿ ಮಾತಾಡಿತ್ತು. ಇಬ್ಬರೂ ಅದನ್ನು ಬೇರೆ ಬೇರೆಯಾಗಿ ಕೇಳಿಸಿಕೊಂಡಿದ್ದರು.

ಕುಂದನ್ನೇ ನೇರವಾಗಿ ಚಿತ್ರಿಸುವ ಕೆಲಸವೂ ಅದೇ ಪ್ರಯೋಗಶಾಲೆಯಲ್ಲಿ ಆಗಲೇ ನಡೆದಿತ್ತೆಂಬುದು ಈ ಕತೆಯ ಸ್ವಾರಸ್ಯ. ಎರ್ನಾಕುಲಂನಲ್ಲಿ 1922ರಲ್ಲಿ ಹುಟ್ಟಿದ ಜಿ. ಎನ್. ರಾಮಚಂದ್ರನ್ 1942ರಲ್ಲಿ ಇಲ್ಲಿಗೆ ಬಂದದ್ದು ವಿದ್ಯುತ್ ಎಂಜಿನಿಯರಿಂಗ್ ಓದಲು. ಹುಡುಗ ಆ ವಿಭಾಗಕ್ಕೆ ಬೇಕಾದುದಕ್ಕಿಂತ ಹೆಚ್ಚು ಚುರುಕು ಎಂದು ಹೇಳಿ ರಾಮನ್ನರು ಅವರನ್ನು ತಮ್ಮ ಕಡೆಗೆ ಎಳೆದುಕೊಂಡರೆಂದು ಪ್ರತೀತಿ. 1944ರಲ್ಲಿ ಈ ತರುಣ ಅಕಾಡೆಮಿಯ ಪತ್ರಿಕೆಯಲ್ಲಿ ವಜ್ರದ ಕ್ಷ-ಕಿರಣ ಚಿತ್ರಗಳನ್ನು ಪ್ರಕಟಿಸಿದರು. ಸೂಜಿರಂಧ್ರದಷ್ಟು ಸಣ್ಣ ಕಿಂಡಿಯಿಂದ ಬಂದ ಕ್ಷ-ಕಿರಣವನ್ನು ವಜ್ರದ ತೆಳುಬಿಲ್ಲೆಯ ಮೇಲೆ ಬಿಟ್ಟರೆ, ಚಿಮ್ಮಿದ ಕಿರಣ ಬರಿಯ ಚುಕ್ಕೆಯಾಗದೆ ಇಡೀ ಬಿಲ್ಲೆಯ ನಕ್ಷೆಯಾಗಿ ಬೀಳುವಂತೆ ಅವರು ಏರ್ಪಡಿಸಿದ್ದರು. ಜೋಡಣೆ ಕೆಟ್ಟ ಕಡೆ ಒಂದು ಬಣ್ಣ, ನೆಟ್ಟಗಿರುವ ಕಡೆ ಇನ್ನೊಂದು. ಕತ್ತಲಲ್ಲಿ ಅದೇ ಬಿಲ್ಲೆ ನೀಲಿಯಾಗಿ ಮಿನುಗುವ ಪಟ್ಟೆಗಳ ಜೊತೆಯಲ್ಲಿಟ್ಟು ಈ ನಕ್ಷೆಯನ್ನು ಹೋಲಿಸಿದರು. ಹರಳಿನ ಕುಂದನ್ನು ಹೀಗೆ ಚಿತ್ರ ತೆಗೆಯುವ ವಿದ್ಯೆ ಆಗಿನ್ನೂ ಎಳೆಯದು. ಅದು ಎಲ್ಲ ಕಡೆ ಹಬ್ಬಿದ್ದು 1950ರ ದಶಕದ ಕೊನೆಯಲ್ಲಿ ಬ್ರಿಸ್ಟಲಿನ ಲ್ಯಾಂಗ್ ಅದನ್ನು ಸುಧಾರಿಸಿದ ಮೇಲೆ. ಇಂದು ಎಲೆಕ್ಟ್ರಾನಿಕ್ ಉಪಕರಣಗಳ ಸಿಲಿಕಾನ್ ಬಿಲ್ಲೆಗಳ ಕುಂದನ್ನು ನೋಡುವುದೂ ಇಂಥ ಚಿತ್ರಗಳಿಂದಲೇ.

ರಾಮಚಂದ್ರನ್ 1947ರಲ್ಲಿ ಕೇಂಬ್ರಿಜ್‌ಗೆ ಹೋದರು. ಅಲ್ಲಿ ವೂಸ್ಟರ್ ಎಂಬವರ ಜೊತೆಗೂಡಿ ಅವರು ಕೈಗೊಂಡ ಕೆಲಸ ಯಾವುದು? ಹರಳಿನ ಚುಕ್ಕೆಗಳ ಸುತ್ತ ಹರಡುವ ಮಂಕು ಬೆಳಕನ್ನು ಅಳೆದು, ಅದರಿಂದ ಆ ಹರಳಿನ ಬಿಗುವನ್ನು, ಎಂದರೆ ಅದರಲ್ಲಿ ಶಬ್ದ ಯಾವ ದಿಕ್ಕಿಗೆ ಎಷ್ಟು ವೇಗವಾಗಿ ಓಡುತ್ತದೆಂಬುದನ್ನು, ಲೆಕ್ಕ ಹಾಕುವುದು. ಬಿಗಿಯಾದ ಹರಳಿನಲ್ಲಿ ಶಬ್ದ ಬಲು ವೇಗ. ವಜ್ರದಲ್ಲಿ ಸೆಕೆಂಡಿಗೆ ಸುಮಾರು 18 ಕಿಲೋಮೀಟರ್, ನೀರಿನಲ್ಲಿರುವುದರ ಹನ್ನೆರಡು ಪಾಲು. ಬಿಗಿಯಿದ್ದ ಕಡೆ ಶಾಖದ ನಡುಕ ಕಡಿಮೆ, ಮಂಕು ಬೆಳಕೂ ಕಡಿಮೆ. ಇಲ್ಲಿ ಶಾಖದ ಅಲೆಗಳನ್ನು ಶಬ್ದದ ಅಲೆಗಳೆಂದು ಒಪ್ಪಿಕೊಂಡೇ ಲೆಕ್ಕ ಆರಂಭವಾಗುತ್ತದೆ. ಬಂದ ಉತ್ತರಗಳು ಶ್ರವಣಾತೀತ ಶಬ್ದದಿಂದ ನೇರವಾಗಿ ಅಳೆದವುಗಳೊಡನೆ ಕೂಡಿಬಂದವು. ಗುರು ನಿರಾಕರಿಸಿದ್ದನ್ನು ಶಿಷ್ಯ ವಾದಿಸಿ ಗೆಲ್ಲಲಿಲ್ಲ, ಅಳತೆಗೋಲಾಗಿ ಬಳಸಿದರು. 1951ರಲ್ಲಿ ಅದು ಪ್ರಕಟವಾಯಿತು. ಇದರಿಂದ ಗುರುಶಿಷ್ಯರ ನಡುವೆ ಮನಸ್ಸು ಮುರಿದಂತೆ ತೋರುವುದಿಲ್ಲ. ಮದರಾಸು ವಿಶ್ವವಿದ್ಯಾಲಯದ ಲಕ್ಷ್ಮಣಸ್ವಾಮಿ ಮುದಲಿಯಾರರು ತಮ್ಮಲ್ಲಿಗೆ ಬರಬೇಕೆಂದು ಕೇಳಿದಾಗ ರಾಮನ್ನರು ತಾವು ಬರಲಾಗದೆಂದು ಹೇಳಿ ರಾಮಚಂದ್ರನ್ನರ ಹೆಸರನ್ನು ಕೊಟ್ಟರು. 1952ರಲ್ಲಿ, ಮೂವತ್ತು ವರ್ಷ ತುಂಬುವ ಹೊತ್ತಿಗೆ, ಅವರು ಅಲ್ಲಿ ಪ್ರಾಧ್ಯಾಪಕರಾದರು. ಚರ್ಮ ಮೂಳೆಗಳಲ್ಲಿರುವ ಕೊಲಾಜೆನ್ ಎಂಬ ನಾರಿನ ಮೂರೆಳೆಯ ಹೆಣಿಗೆಯನ್ನು ಅವರು ಕ್ಷ-ಕಿರಣದಿಂದ ಬಿಡಿಸಿದ್ದು ಅಲ್ಲಿಯೇ. ಅದು ಬೇರೆ ಲೇಖನಕ್ಕೆ ತಕ್ಕ ವಿಷಯ.

ರಾಮನ್ನರು 1948ರಲ್ಲಿ ತಮ್ಮದೇ ಸಂಶೋಧನ ಮಂದಿರವನ್ನು ಕಟ್ಟಿಕೊಂಡಿದ್ದರು. ಮೇಖ್ರಿ ವೃತ್ತದ ಬಳಿ, ಹೆಬ್ಬಾಳಕ್ಕೆ ಹೋಗುವ ದಾರಿಯ ಪಕ್ಕದಲ್ಲಿ, ಮೈಸೂರು ಮಹಾರಾಜರ ಸರಕಾರ ಅಕಾಡೆಮಿಗೆ ಕೊಟ್ಟಿದ್ದ ಜಮೀನಿನಲ್ಲಿ. ತಮ್ಮ ವಜ್ರಗಳನ್ನೂ ಹರಳುಗಳನ್ನೂ ಅಲ್ಲಿಯೇ ಇಟ್ಟುಕೊಂಡಿದ್ದರು. 1970ರ ನವೆಂಬರ್ 21ರಂದು ಅವರು ತೀರಿಕೊಂಡಾಗ ಅದೇ ತೋಟದಲ್ಲಿ ಅಗ್ನಿಸಂಸ್ಕಾರವಾಯಿತು. ಹೆಚ್ಚು ಕಡಿಮೆ ಅದೇ ಕಾಲಕ್ಕೆ ರಾಮಚಂದ್ರನ್ ಮದರಾಸನ್ನು ಬಿಟ್ಟು ಟಾಟಾ ಇನ್‌ಸ್ಟಿಟ್ಯೂಟಿಗೆ ಮರಳಿ ಬಂದರು. 1971ರಲ್ಲಿ ಅಲ್ಲಿ ಅಣುಜೀವಭೌತ ವಿಜ್ಞಾನದ ಘಟಕವನ್ನು ಆರಂಭಿಸಿದರು. ಆ ವರ್ಷವೇ, ಎ. ವಿ. ಲಕ್ಷ್ಮೀನಾರಾಯಣನ್ ಅವರೊಡನೆ ಬರೆದ ಐದು ಪುಟದ ಲೇಖನವೊಂದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಹೊರಬಿತ್ತು.

ಅದರ ವಿಷಯ ಹೀಗಿದೆ. ಸಾಮಾನ್ಯ ಕ್ಷ-ಕಿರಣ ಚಿತ್ರವೆಂದರೆ ನೆರಳು. ಅಡಿಕೆ ತೋಟವನ್ನು ಸಾಲಿನ ತುದಿಯಿಂದ ನೋಡಿದರೆ ಹತ್ತು ಮರ ಒಂದರ ಹಿಂದೊಂದು ಅಡಗಿ ಒಂದೇ ಮರವಾಗಿ ಕಾಣುವಂತೆ, ಎದೆಯ ಮುಂದಿನ ಮೂಳೆಯೂ ಹಿಂದಿನ ಮೂಳೆಯೂ ಫಲಕದಲ್ಲಿ ಒಂದರ ಮೇಲೊಂದು ಬೀಳುತ್ತವೆ. ತೋಟದ ಸುತ್ತ ನಡೆದು ಎಲ್ಲ ಕಡೆಯಿಂದ ನೋಡಿದರೆ ಯಾವ ಮರ ಎಲ್ಲಿದೆಯೆಂದು ತಿಳಿದೀತು. ಹಾಗೆ ತಿಳಿಯಬಹುದೆಂದು ರಾಡಾನ್ ಎಂಬ ಗಣಿತಜ್ಞರು 1917ರಲ್ಲೇ ಸಾಧಿಸಿದ್ದರು. ಸುತ್ತಲಿಂದ ತೆಗೆದ ನೆರಳುಗಳನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಬಳಿದು ಒಂದರ ಮೇಲೊಂದು ಹಾಕಿದರೆ ಚಿತ್ರವೇನೋ ಬರುತ್ತದೆ. ಆದರೆ ಒಂದೊಂದು ಚುಕ್ಕೆಯ ಸುತ್ತಲೂ ಮಸಿ ಹರಡಿದಂತೆ ಮಸುಕು. ಈ ಮಸುಕನ್ನು ಕಳೆಯಲು ಫೂರಿಯೇ ಪದ್ಧತಿಯೆಂಬ ಸುತ್ತುಬಳಸಿನ ಗಣಿತವೊಂದಿತ್ತು. ವೈರಸ್ಸುಗಳ ಚಿತ್ರಕ್ಕೆ ಅದನ್ನು 1968ರಲ್ಲಿ ಡಿರೋಸಿಯರ್ ಮತ್ತು ಕ್ಲೂಗ್ ಬಳಸಿದ್ದರು. ಅಂದಿನ ಗಣಕಯಂತ್ರಗಳಿಗೆ ಅದು ಭಾರವಾದ ಹೊರೆ.

ರಾಮಚಂದ್ರನ್ ಮತ್ತು ಲಕ್ಷ್ಮೀನಾರಾಯಣನ್ ಆ ಸುತ್ತನ್ನೇ ತಪ್ಪಿಸಿದರು. ಹಿಂದಕ್ಕೆ ಬಳಿಯುವ ಮೊದಲೇ ಪ್ರತಿಯೊಂದು ನೆರಳನ್ನೂ ಒಂದು ಸಂಖ್ಯಾಪಟ್ಟಿಯಿಂದ ತಿದ್ದಿಬಿಡಿ ಎಂದರು. ಪಟ್ಟಿ ಇಷ್ಟೇ: ತನ್ನ ಸ್ಥಾನದಲ್ಲಿ 1; ಪಕ್ಕದ ಎರಡೂ ಕಡೆ 0.405ನ್ನು ಕಳೆಯಿರಿ, ಅದರಾಚೆ ಸೊನ್ನೆ, ಮೂರನೆಯ ಸ್ಥಾನಗಳಲ್ಲಿ 0.045ನ್ನು ಕಳೆಯಿರಿ, ನಾಲ್ಕರಲ್ಲಿ ಸೊನ್ನೆ, ಐದರಲ್ಲಿ 0.016. ಹೀಗೆ ಸಮಸ್ಥಾನಗಳೆಲ್ಲ ಸೊನ್ನೆ, ಬೆಸಸ್ಥಾನಗಳಲ್ಲಿ ಆ ಸ್ಥಾನದ ವರ್ಗದಿಂದ ಭಾಗಿಸುತ್ತ ಹೋಗುವ ಕಳೆತ. ಎರಡೂ ಪಕ್ಕದ ಕಳೆತಗಳನ್ನೆಲ್ಲ ಕೊನೆಯವರೆಗೆ ಕೂಡಿದರೆ ಸರಿಯಾಗಿ 1 ಆಗುತ್ತದೆ. ಜಮಾ ಖರ್ಚು ಸಮ. ಒಂದೊಂದು ಸ್ಥಾನವೂ ಮುಂದೆ ತನ್ನಿಂದ ಪಕ್ಕಕ್ಕೆ ಚೆಲ್ಲಬಹುದಾದ ಮಸಿಯನ್ನು ಮೊದಲೇ ಪಕ್ಕದವರ ಲೆಕ್ಕದಿಂದ ಕಳೆದಿರುತ್ತದೆ. ಇಂಥ ನೆರಳುಗಳನ್ನು ಹಿಂದಕ್ಕೆ ಬಳಿದರೆ ಮಸುಕು ತನಗೆ ತಾನೇ ಅಳಿದು ಚಿತ್ರ ಚೂಪಾಗಿ ನಿಲ್ಲುತ್ತದೆ. ಗುಣಿಸುವುದು, ಕೂಡುವುದು, ಕಳೆಯುವುದು ಇಷ್ಟು ಬಿಟ್ಟರೆ ಬೇರೆ ಗಣಿತ ಬೇಕಿಲ್ಲ. ಅಂಗಡಿಯ ಗುಮಾಸ್ತನೂ ಮಾಡಬಹುದಾದ ಲೆಕ್ಕ. ಬಹಳ ದಿನ ಹಿಡಿದೀತು, ಅಷ್ಟೇ.

ಅದೇ 1971ನೆಯ ಇಸವಿ ಅಕ್ಟೋಬರ್ 1ರಂದು ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ತಮ್ಮ ಯಂತ್ರದಿಂದ ಮೊದಲ ರೋಗಿಯ ಮಿದುಳಿನ ಹೋಳುಚಿತ್ರವನ್ನು ತೆಗೆದರು. ಒಂದೊಂದು ಡಿಗ್ರಿಗೆ 160 ಅಳತೆಗಳಂತೆ 180 ಡಿಗ್ರಿ, ಒಟ್ಟು 28,800 ಅಳತೆಗಳು. ಅವರು ಬೆಂಗಳೂರಿನವರ ಪಟ್ಟಿಯನ್ನು ಬಳಸಲಿಲ್ಲ. ಊಹಿಸಿ, ತಿದ್ದಿ, ಮತ್ತೆ ಊಹಿಸುವ ಬೇರೆ ದಾರಿ ಹಿಡಿದಿದ್ದರು. ಆದರೆ ಯಂತ್ರಗಳು ಆಸ್ಪತ್ರೆಗಳಿಗೆ ಹಬ್ಬಿ ವೇಗ ಬೇಕಾದಾಗ, ನೆರಳನ್ನು ಮೊದಲೇ ತಿದ್ದಿ ಹಿಂದಕ್ಕೆ ಬಳಿಯುವ ಪದ್ಧತಿಯೇ ಗೆದ್ದಿತು. 1974ರಲ್ಲಿ ಶೆಪ್ ಮತ್ತು ಲೋಗನ್ ಪಟ್ಟಿಯನ್ನು ತುಸು ಮೃದು ಮಾಡಿದರು. ಮೂಲ ಪಟ್ಟಿ ಚಿತ್ರವನ್ನು ಚೂಪು ಮಾಡುವಂತೆಯೇ ಅಳತೆಯ ದೋಷಗಳನ್ನೂ ಎತ್ತಿ ತೋರಿಸುತ್ತಿತ್ತು. ಹಲವು ದಶಕ ಜಗತ್ತಿನ ಬಹುಪಾಲು ಹೋಳುಚಿತ್ರಗಳು ಈ ದಾರಿಯಲ್ಲೇ ಬಂದವು.

1979ರಲ್ಲಿ ಹೌನ್ಸ್‌ಫೀಲ್ಡ್ ಮತ್ತು ಕಾರ್ಮಾಕ್ ಅವರಿಗೆ ನೊಬೆಲ್ ಬಂದಿತು. ರಾಮಚಂದ್ರನ್ನರಿಗೆ ಅನ್ಯಾಯವಾಯಿತೆಂದು ನಮ್ಮವರು ಆಗಾಗ ಹೇಳುವುದುಂಟು. ಹೋಳುಚಿತ್ರದ ಮಟ್ಟಿಗೆ ನನಗೆ ಹಾಗೆ ತೋರುವುದಿಲ್ಲ. ಯಂತ್ರವನ್ನು ಕಟ್ಟಿ ರೋಗಿಯನ್ನು ಮಲಗಿಸಿದವರು ಹೌನ್ಸ್‌ಫೀಲ್ಡ್; ಕಾರ್ಮಾಕ್ 1963ರಷ್ಟು ಹಿಂದೆಯೇ ಗಣಿತ ಬರೆದಿದ್ದವರು. ಇಷ್ಟೇ ಅಲ್ಲ, ನೆರಳನ್ನು ತಿದ್ದುವ ಇದೇ ಬಗೆಯ ಉಪಾಯವನ್ನು ಆಕಾಶದ ರೇಡಿಯೋ ಅಲೆಗಳ ಚಿತ್ರಕ್ಕಾಗಿ ಬ್ರೇಸ್‌ವೆಲ್ ಮತ್ತು ರಿಡ್ಲ್ 1967ರಲ್ಲಿ ಹೇಳಿದ್ದರು. ಕೊಲಾಜೆನ್ ವಿಷಯದಲ್ಲಿ ವಾದ ಮಾಡುವುದಾದರೆ ಮಾಡಬಹುದು. ರಾಮಚಂದ್ರನ್ 2001ರ ಏಪ್ರಿಲ್ 7ರಂದು ಚೆನ್ನೈಯಲ್ಲಿ ತೀರಿಕೊಂಡರು.

ಸಂಸ್ಥೆಯಿಂದ ಯಶವಂತಪುರ ದಾಟಿ ಕೆಲವು ಮೈಲಿ ಹೋದರೆ ಜಾಲಹಳ್ಳಿ. ಅಲ್ಲಿ 1954ರಲ್ಲಿ ಆರಂಭವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1964ರಲ್ಲಿ ಆಕಾಶವಾಣಿಗೆ ಪ್ರೇಷಕಗಳನ್ನು ಮಾಡತೊಡಗಿತು. ಆ ಸಂಸ್ಥೆ 1970ರಲ್ಲಿ ಕ್ಷ-ಕಿರಣದ ನಳಿಗೆಗಳ ತಯಾರಿಕೆಗೂ ಕೈಹಾಕಿತು. ಕಿರಣ ಹುಟ್ಟಿಸುವ ನಳಿಗೆ ಒಂದು ಕಡೆ, ಆ ಕಿರಣದ ನೆರಳನ್ನು ಚಿತ್ರವಾಗಿಸುವ ಲೆಕ್ಕ ಇನ್ನೊಂದು ಕಡೆ, ಒಂದೇ ವರ್ಷದ ಆಚೀಚೆ. ಇವೆರಡೂ ಸೇರಿ ಇಲ್ಲಿಯೇ ಒಂದು ಹೋಳುಚಿತ್ರದ ಯಂತ್ರವಾಗಲಿಲ್ಲ. ನಮ್ಮ ಆಸ್ಪತ್ರೆಗಳು ಅದನ್ನು ಹಡಗಿನಲ್ಲಿ ತರಿಸಿಕೊಂಡವು. ದೂರವಿದ್ದದ್ದು ಕೆಲವು ಮೈಲಿ ಮಾತ್ರ. ಆ ಕೆಲವು ಮೈಲಿಯನ್ನು ದಾಟುವುದು ನಮಗೆ ಏಕೆ ಅಷ್ಟು ಕಷ್ಟವಾಯಿತೆಂದು ಕೇಳಿಕೊಳ್ಳುವುದು, ಬಹುಮಾನ ಏಕೆ ಬರಲಿಲ್ಲವೆಂದು ಕೇಳುವುದಕ್ಕಿಂತ ಮೇಲೆಂದು ತೋರುತ್ತದೆ.

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇಂದು ಹೋಳುಚಿತ್ರದ ಪಾಠ ಕಲಿಯುವ ಹುಡುಗರು ಗಣಕಯಂತ್ರಕ್ಕೆ ನೆರಳುಗಳನ್ನು ಕೊಟ್ಟು ಚಿತ್ರ ಮಾಡೆಂದು ಹೇಳುತ್ತಾರೆ. ಯಾವ ಪಟ್ಟಿಯಿಂದ ತಿದ್ದಬೇಕೆಂದು ಅವರು ಹೇಳದಿದ್ದರೆ ಅನೇಕರು ಬಳಸುವ ಒಂದು ಗಣಕಸಾಧನ ತಾನಾಗಿಯೇ ಮೊದಲ ಪಟ್ಟಿಯನ್ನು ಆರಿಸಿಕೊಳ್ಳುತ್ತದೆ. ಅದರ ಹೆಸರು ರಾಮ್-ಲಾಕ್. ರಾಮಚಂದ್ರನ್, ಲಕ್ಷ್ಮೀನಾರಾಯಣನ್.